ಮಾತ್ರೆ ನುಂಗುವವನ ಲಿವರ್ ಲೆಕ್ಕ

ಕೊಡಗಿನ ಗೋಣಿಕೊಪ್ಪದ ಸಮೀಪ ನಮಗೆ ನಾಲ್ಕು ಎಕರೆ ರೋಬಸ್ಟಾ ಕಾಫಿ ತೋಟ. ಬೈಪೋಲಾರ್ ಕಾಯಿಲೆಗಾಗಿ 11 ವರ್ಷಗಳಿಂದ ಸೋಡಿಯಂ ವ್ಯಾಲ್‌ಪ್ರೋಯೇಟ್ ಮತ್ತು ಓಲಾಂಜಪೈನ್ ನುಂಗುತ್ತಿದ್ದೇನೆ. "ಇಷ್ಟು ಮಾತ್ರೆ ತಿಂದರೆ ಲಿವರ್ ಉಳಿಯುತ್ತದೆಯೇ?" ಎಂದು ಕೇಳದ ನೆಂಟರಿಲ್ಲ. ಆ ಮಾತಿಗೆ ಹೆದರಿ ಒಮ್ಮೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಮೂರನೆಯ ವಾರ ನಡುರಾತ್ರಿ ಟಾರ್ಚ್ ಹಿಡಿದು ತೋಟದ ಮೆಣಸಿನ ಬಳ್ಳಿಗಳನ್ನು ಎಣಿಸುತ್ತಿದ್ದೆ. ಲಿವರ್ ಚೆನ್ನಾಗಿಯೇ ಇತ್ತು.

ಹೆದರಿಕೆಯಾದರೆ ಮಾತ್ರೆ ಬಿಡಬೇಡಿ, ಪರೀಕ್ಷೆಗೆ ರಕ್ತ ಕೊಡಿ. ವ್ಯಾಲ್‌ಪ್ರೋಯೇಟ್ ಶುರುವಾಗುವ ಮೊದಲೇ ಒಂದು ಎಲ್‌ಎಫ್‌ಟಿ (ಲಿವರ್ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ) ಆಗಿರಬೇಕು. ತೀವ್ರ ಹಾನಿ ಅಪರೂಪ, ಬಂದರೆ ಹೆಚ್ಚಾಗಿ ಮೊದಲ ಆರು ತಿಂಗಳಲ್ಲಿ. ಆ ಅವಧಿಯಲ್ಲಿ ವೈದ್ಯರು ಹೇಳಿದ ದಿನವನ್ನು ಮಳೆಯ ನೆಪ ಹೇಳಿ ತಪ್ಪಿಸಬೇಡಿ. ಈಗ ನನಗೆ ವರ್ಷಕ್ಕೆ ಎರಡು ಸಲ. ಬೈಪೋಲಾರ್‌ಗೆ ಕೊಡುವ ಇನ್ನೊಂದು ಔಷಧ ಲಿಥಿಯಂ ಹೊರಹೋಗುವುದು ಮೂತ್ರಪಿಂಡದ ಮೂಲಕ. ಅದನ್ನು ನುಂಗುವವರು ನೋಡಿಸಬೇಕಾದದ್ದು ಮುಖ್ಯವಾಗಿ ರಕ್ತದ ಲಿಥಿಯಂ ಮಟ್ಟ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯೇಟಿನಿನ್ ಮತ್ತು ಥೈರಾಯ್ಡ್.

ಯಾವ ದಿನ ರಕ್ತ ಕೊಡುತ್ತೀರಿ ಎನ್ನುವುದನ್ನೂ ಯೋಚಿಸಿ. ಒಂದು ಜನವರಿಯಲ್ಲಿ ಆಳು ಸಿಗದೆ ಎರಡು ದಿನ ನಾನೇ ಕಾಫಿ ಮೂಟೆ ಹೊತ್ತು, ಮೂರನೆಯ ದಿನ ರಕ್ತ ಕೊಟ್ಟೆ. ಸುಮಾರು 40ರೊಳಗೆ ಇರಬೇಕಾದ ಎಸ್‌ಜಿಒಟಿ (ಎಲ್‌ಎಫ್‌ಟಿಯಲ್ಲಿ ಅಳೆಯುವ ಒಂದು ಕಿಣ್ವ) 96! ರಾತ್ರಿಯಿಡೀ ನಿದ್ದೆಯಿಲ್ಲ. ಡಾಕ್ಟರು ವರದಿಗಿಂತ ಮೊದಲು ನನ್ನ ಹೆಗಲು ನೋಡಿದರು. ಎಸ್‌ಜಿಒಟಿ ಸ್ನಾಯುಗಳಲ್ಲೂ ಇರುತ್ತದೆ, ಮೈಮುರಿದು ದುಡಿದರೆ ಏರುತ್ತದೆ. ಸ್ನಾಯು ನೊಂದರೆ ಏರುವ ಸಿಪಿಕೆ ನೋಡಿಸಿದಾಗ ಅದೂ ಏರಿತ್ತು. ಎರಡು ವಾರ ಮೂಟೆ ಮುಟ್ಟದೆ ಮತ್ತೆ ಕೊಟ್ಟಾಗ 31.

ಇನ್ನು ಮೂತ್ರದ ಬಣ್ಣ. ಆಗಸ್ಟ್ ಮೊದಲ ವಾರ, ಕೊಡವರ ಕಕ್ಕಡ ತಿಂಗಳ 18ಕ್ಕೆ ನಮ್ಮಲ್ಲಿ ಮದ್ದು ಸೊಪ್ಪಿನ ನೇರಳೆ ಬಣ್ಣದ ಪಾಯಸ. ಉಂಡ ಮೇಲೆ ಮೂತ್ರ ಕೆಂಪಾಗುತ್ತದೆ. ಅದು ಸೊಪ್ಪಿನ ಬಣ್ಣ, ತಾನಾಗಿ ಹೋಗುತ್ತದೆ. ಗಮನಿಸಬೇಕಾದದ್ದು ಹಾಲಿಲ್ಲದ ಚಹಾದಂಥ ಕಡುಕಂದು. ಕಣ್ಣು ಹಳದಿಯಾಗುವವರೆಗೂ ಕಾಯಬೇಡಿ. ವ್ಯಾಲ್‌ಪ್ರೋಯೇಟ್ ನುಂಗುವವರಲ್ಲಿ ಬಿಡದ ವಾಂತಿ, ಊಟ ಸೇರದಿರುವುದು, ವಿಪರೀತ ಮಂಪರು, ಗೊಂದಲ ಮೊದಲೇ ಬರಬಹುದು. ಅಂದೇ ಆಸ್ಪತ್ರೆಗೆ ಹೋಗಿ, ಮಾತ್ರೆಯ ಪಟ್ಟಿ ಜೇಬಿನಲ್ಲಿರಲಿ.

ಆ ಪಟ್ಟಿಯಲ್ಲಿ ಕಷಾಯವನ್ನೂ ಬರೆಯಿರಿ. "ಲಿವರ್‌ಗೆ ಒಳ್ಳೆಯದು" ಎಂದು ಪರಿಚಯದವರೊಬ್ಬರು ನನಗೆ ಅಮೃತಬಳ್ಳಿ ಕೊಟ್ಟಿದ್ದರು. ಅದರಿಂದಲೇ ಲಿವರ್ ಉರಿಯೂತವಾದ ಪ್ರಕರಣಗಳು ಕೋವಿಡ್ ಕಾಲದಲ್ಲಿ ವರದಿಯಾಗಿವೆ ಎಂದು ತಿಳಿದದ್ದು ಆಮೇಲೆ. ಜ್ವರ ಬಂದಾಗ ಪ್ಯಾರಾಸಿಟಮಾಲ್ 650ನ್ನು ಕಡಲೆಯಂತೆ ನುಂಗುವ ಅಭ್ಯಾಸವೂ ಬೇಡ.

ಪುತ್ತರಿ ಸುಗ್ಗಿ ಹಬ್ಬದಲ್ಲಿ, ಮದುವೆಯಲ್ಲಿ ಮದ್ಯದ ಗ್ಲಾಸು ಬೇಡವೆನ್ನುವುದು ಕೊಡಗಿನಲ್ಲಿ ಸುಲಭವಲ್ಲ. ನಾನು ಮೊದಲೇ ನಿಂಬೆ ಪಾನಕದ ಲೋಟ ಹಿಡಿದು ನಿಲ್ಲುತ್ತೇನೆ; ಕೈ ಖಾಲಿ ಕಂಡರೆ ತಾನೇ ತುಂಬುವುದು! ನನ್ನ ನಿಜವಾದ ಶತ್ರು ಹೊಟ್ಟೆ. ಓಲಾಂಜಪೈನ್ ಹಸಿವು ಹೆಚ್ಚಿಸುತ್ತದೆ, ತೂಕ ಏರುತ್ತದೆ, ಲಿವರ್‌ನಲ್ಲಿ ಕೊಬ್ಬು ಸೇರುತ್ತದೆ. ಪ್ರತಿ ತಿಂಗಳು ಸೊಂಟಕ್ಕೆ ಟೇಪು ಹಾಕುತ್ತೇನೆ. ಪಂದಿಕರಿ (ಹಂದಿ ಮಾಂಸದ ಸಾರು) ಭಾನುವಾರಕ್ಕೆ ಮಾತ್ರ, ಅಕ್ಕಿ ತರಿಯ ಉಂಡೆ ಕಡಂಬುಟ್ಟು ಎರಡೇ.

ಕಾಫಿಯನ್ನು ಡಾಕ್ಟರು ಬಿಡಿಸಲಿಲ್ಲ, ಅದು ಲಿವರ್‌ಗೆ ಮಿತ್ರನೇ. ಆದರೆ ಕ್ಲೋಜಪೈನ್ ಎಂಬ ಮಾನಸಿಕ ಕಾಯಿಲೆಯ ಮಾತ್ರೆ ನುಂಗುವವರು ಕಾಫಿಯನ್ನು ಇದ್ದಕ್ಕಿದ್ದಂತೆ ಹೆಚ್ಚಿಸಬಾರದು, ನಿಲ್ಲಿಸಲೂಬಾರದು. ರಕ್ತದಲ್ಲಿ ಔಷಧದ ಮಟ್ಟ ಏರುಪೇರಾಗುತ್ತದೆ. ನಾನು ಬಿಟ್ಟದ್ದು ಕಾಫಿಗೆ ಹಾಕುವ ಬೆಲ್ಲವನ್ನು. ಅಮ್ಮ ಇವತ್ತಿಗೂ ಆ ಕಾಫಿ ಲೋಟವನ್ನು ಮೂಸಿ ನೋಡಿ ಮುಖ ಸಿಂಡರಿಸುತ್ತಾಳೆ.