ಥರ್ಮೋಕಪಲ್ ಜೋಡಣೆ: ತುದಿಯಷ್ಟೇ ತಂತಿಯೂ ಮುಖ್ಯ

ವಿಜಯಪುರ, ಕಲಬುರಗಿಯ ಕಡೆಯಿಂದ ಐಟಿಐ ಮುಗಿಸಿ ಪುಣೆಯ ಭೋಸರಿ, ಚಾಕಣದ ಕಾರ್ಖಾನೆಗಳಿಗೆ ಬರುವ ನಮ್ಮ ಹುಡುಗರಲ್ಲಿ ಹಲವರಿಗೆ ಫರ್ನೇಸಿನ ಥರ್ಮೋಕಪಲ್, ಅಂದರೆ ಎರಡು ಬೇರೆ ಲೋಹದ ತಂತಿಗಳಿಂದ ತಾಪಮಾನ ಅಳೆಯುವ ಸಾಧನ, ಬದಲಿಸುವ ಕೆಲಸ ಬೇಗನೆ ಬೀಳುತ್ತದೆ. ಮೀಟರು ತಪ್ಪು ತೋರಿಸಿದಾಗ ಎಲ್ಲರೂ ಮೊದಲು ಸಂಶಯಪಡುವುದು ಬೆಂಕಿಯೊಳಗಿರುವ ತುದಿಯನ್ನು. ಆದರೆ ತಪ್ಪು ಬಹಳ ಸಲ ಹುಟ್ಟುವುದು ತುದಿಯಿಂದ ಮೀಟರಿನವರೆಗಿನ ದಾರಿಯಲ್ಲಿ.

ಎರಡು ಬೇರೆ ಲೋಹಗಳ ತಂತಿಗಳ ಬೆಸುಗೆ ಬಿಸಿಯಾದಾಗ ಸಣ್ಣ ವೋಲ್ಟೇಜ್ ಸಿಗುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಆ ವೋಲ್ಟೇಜ್ ಹುಟ್ಟುವುದು ಬೆಸುಗೆಯ ಬಿಂದುವಿನಲ್ಲಲ್ಲ. ತಂತಿಯ ಉದ್ದದಲ್ಲಿ ಎಲ್ಲೆಲ್ಲಿ ತಾಪಮಾನ ಬದಲಾಗುತ್ತದೆಯೋ ಅಲ್ಲೆಲ್ಲ. ಕೆ ಟೈಪ್ ಥರ್ಮೋಕಪಲ್ಲಿನಲ್ಲಿ (ಕೆ, ಜೆ ಮುಂತಾದ ಟೈಪುಗಳೆಂದರೆ ಬೇರೆ ಬೇರೆ ಲೋಹಗಳ ಜೋಡಿಗಳು) ಇದು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 41 ಮೈಕ್ರೋವೋಲ್ಟ್. ಅಳತೆಗೆ ಸಿಗುವುದು ಎರಡು ತುದಿಗಳ ತಾಪಮಾನದ ವ್ಯತ್ಯಾಸ ಮಾತ್ರವಾದ್ದರಿಂದ, ಮೀಟರು ತನ್ನ ಟರ್ಮಿನಲ್ಲಿನ ತಾಪಮಾನವನ್ನು ತಾನೇ ಅಳೆದು ಅದಕ್ಕೆ ಕೂಡಿಸಿಕೊಳ್ಳುತ್ತದೆ. ಇದೇ ಕೋಲ್ಡ್ ಜಂಕ್ಷನ್ ಕಾಂಪೆನ್ಸೇಶನ್.

ಹೀಗಾಗಿ ಥರ್ಮೋಕಪಲ್ಲಿನ ತಲೆಯಿಂದ (ಫರ್ನೇಸಿನ ಹೊರಗೆ ಕೇಬಲ್ ಸೇರುವ ಡಬ್ಬಿಯಿಂದ) ಮೀಟರಿರುವ ಪ್ಯಾನೆಲ್ಲಿಗೆ ಎಳೆಯುವ ಕೇಬಲ್ ಅದೇ ಟೈಪಿನದಾಗಿರಬೇಕು. ಸ್ಟೋರಿನಲ್ಲಿ ಎಕ್ಸ್‌ಟೆನ್ಶನ್ ಕೇಬಲ್ ಮುಗಿದಿದೆಯೆಂದು ತಾಮ್ರದ ತಂತಿ ಎಳೆದರೆ, ತಲೆ 60 ಡಿಗ್ರಿಯಲ್ಲೂ ಪ್ಯಾನೆಲ್ 30 ಡಿಗ್ರಿಯಲ್ಲೂ ಇರುವಾಗ ಮೀಟರು ಸುಮಾರು 30 ಡಿಗ್ರಿ ಕಡಿಮೆ ತೋರಿಸುತ್ತದೆ. ಅದನ್ನು ನಂಬಿದ ಕಂಟ್ರೋಲರ್ ಫರ್ನೇಸನ್ನು ಅಷ್ಟೇ ಹೆಚ್ಚು ಕಾಯಿಸುತ್ತದೆ. ಇದಕ್ಕಿಂತ ಮೋಸದ ತಪ್ಪು ಇನ್ನೊಂದಿದೆ. ಸರಿಯಾದ ಕೇಬಲ್ ಹಾಕಿಯೂ ಎರಡೂ ಕೊನೆಗಳಲ್ಲಿ ಪ್ಲಸ್ ಮೈನಸ್ ಅದಲುಬದಲಾದರೆ, ಮೀಟರು ಬಿಸಿಯೇರಿದಂತೆ ಏರುತ್ತಲೇ ಹೋಗುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ, ಆದರೆ ಮೇಲಿನ ಉದಾಹರಣೆಯಲ್ಲಿ ಮೀಟರಿನ ತಪ್ಪು ಇಮ್ಮಡಿಯಾಗಿ ಸುಮಾರು 60 ಡಿಗ್ರಿಗೆ ಮುಟ್ಟುತ್ತದೆ. ಒಂದೇ ಕೊನೆಯಲ್ಲಿ ಅದಲುಬದಲಾಗಿದ್ದರೆ ಬಿಸಿಯೇರಿದಂತೆ ಅಂಕಿ ಇಳಿಯುವುದರಿಂದ ಕೂಡಲೇ ಸಿಕ್ಕಿಬೀಳುತ್ತದೆ.

ಬಣ್ಣವೊಂದನ್ನೇ ನಂಬಬಾರದು. ಐಇಸಿ ಎಂಬ ಅಂತರರಾಷ್ಟ್ರೀಯ ವಿದ್ಯುತ್ ಮಾನಕ ಸಂಸ್ಥೆಯ ಪದ್ಧತಿಯಲ್ಲಿ ಕೆ ಟೈಪಿನ ಪ್ಲಸ್ ಹಸಿರು, ಮೈನಸ್ ಬಿಳಿ. ಅಮೆರಿಕದ ಪದ್ಧತಿಯಲ್ಲಿ ಪ್ಲಸ್ ಹಳದಿ, ಮೈನಸ್ ಕೆಂಪು. ಕೆಂಪೆಂದರೆ ಪ್ಲಸ್ ಎಂದು ಕಲಿತ ಎಲೆಕ್ಟ್ರಿಷಿಯನ್ ಎಡವುವುದು ಇಲ್ಲಿಯೇ. ಸಂಶಯವಿದ್ದರೆ ಒಂದು ಅಯಸ್ಕಾಂತ ಸಾಕು: ಕೆ ಟೈಪಿನಲ್ಲಿ ಅದಕ್ಕೆ ಅಂಟುವ ತಂತಿ ಮೈನಸ್, ಜೆ ಟೈಪಿನಲ್ಲಿ ಅಂಟುವ ಕಬ್ಬಿಣದ ತಂತಿ ಪ್ಲಸ್.

ಪ್ಯಾನೆಲ್ಲಿನೊಳಗೆ ಮೀಟರಿನ ಟರ್ಮಿನಲ್ಲಿಗೆ ಫ್ಯಾನಿನ ಗಾಳಿ ನೇರವಾಗಿ ಬಡಿಯದಂತೆ, ಪಕ್ಕದಲ್ಲಿ ಕಾಯುವ ಟ್ರಾನ್ಸ್‌ಫಾರ್ಮರ್ ಇರದಂತೆ ನೋಡಿಕೊಳ್ಳಬೇಕು. ಕೇಬಲನ್ನು ಮೋಟರಿನ, ಡ್ರೈವಿನ ಪವರ್ ಕೇಬಲ್ಲುಗಳ ಜೊತೆ ಒಂದೇ ಟ್ರೇಯಲ್ಲಿ ಎಳೆಯಬಾರದು. ಹೆಣೆದ ಜೋಡಿ ತಂತಿಯ ಶೀಲ್ಡನ್ನು (ಸುತ್ತಲಿನ ಲೋಹದ ಹೊದಿಕೆಯನ್ನು) ಒಂದೇ ಕೊನೆಯಲ್ಲಿ ಅರ್ಥ್ ಮಾಡಬೇಕು. ಮುಂಬೈ, ಗೋವಾದ ಮಳೆಗಾಲದಲ್ಲಿ ಕೆಲಸ ಮಾಡುವವರು ಖನಿಜ ಪುಡಿ ತುಂಬಿದ ಥರ್ಮೋಕಪಲ್ಲಿನ ಕತ್ತರಿಸಿದ ಕೊನೆಯನ್ನು ತೆರೆದಿಡಬಾರದು, ಏಕೆಂದರೆ ಒಳಗಿನ ಮೆಗ್ನೀಷಿಯಮ್ ಆಕ್ಸೈಡ್ ತೇವವನ್ನು ಬೇಗ ಹೀರಿಕೊಂಡು ಇನ್ಸುಲೇಶನ್ ಕೆಡುತ್ತದೆ.

ತುದಿ ಎಷ್ಟು ಒಳಗೆ ಹೋಗಬೇಕೆಂಬುದಕ್ಕೆ ವಾಡಿಕೆಯ ಲೆಕ್ಕವೆಂದರೆ ಹೊರಕವಚದ ವ್ಯಾಸದ ಕನಿಷ್ಠ 10 ಪಟ್ಟು. ಅದಕ್ಕಿಂತ ಕಡಿಮೆಯಿದ್ದರೆ ಕವಚದ ಮೂಲಕವೇ ಬಿಸಿ ಹೊರಗೆ ಹರಿದು, ತುದಿ ಫರ್ನೇಸಿಗಿಂತ ತಣ್ಣಗಿರುತ್ತದೆ. ಈ ಲೆಕ್ಕವನ್ನು ಗೋಡೆಯ ಒಳಮೈಯಿಂದ ಹಿಡಿಯಬೇಕು. ಇಟ್ಟಿಗೆಯೊಳಗೆ ಹೂತ ಭಾಗ ಇದರಲ್ಲಿ ಸೇರುವುದಿಲ್ಲ.

ಜೋಡಣೆ ಮುಗಿದ ಮೇಲೆ ಪರೀಕ್ಷೆ. ಪುಡಿಮಾಡಿದ ಮಂಜುಗಡ್ಡೆ ಮತ್ತು ನೀರಿನ ಗಟ್ಟಿ ಮಿಶ್ರಣದಲ್ಲಿ ತುದಿಯನ್ನಿಟ್ಟರೆ 0 ಡಿಗ್ರಿ ಬರಬೇಕು. ಕುದಿಯುವ ನೀರಿನಲ್ಲಿ ನೋಡುವವರು ನೆನಪಿಡಬೇಕಾದ್ದೇನೆಂದರೆ, ಮುಂಬೈಯಲ್ಲಿ 100 ಬಂದರೂ, ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ನೀರು 98ರ ಆಸುಪಾಸಿನಲ್ಲೇ ಕುದಿಯುತ್ತದೆ. 100 ಬರಲೆಂದು ಮೀಟರನ್ನು ತಿದ್ದಿದರೆ ಸರಿಯಿದ್ದದ್ದನ್ನು ಕೆಡಿಸಿದಂತೆ. ಈ ಪರೀಕ್ಷೆಗಳು ಜೋಡಣೆ ಸರಿಯಿದೆಯೆಂದು ತೋರಿಸಬಲ್ಲವೇ ಹೊರತು 900 ಡಿಗ್ರಿಯ ನಿಖರತೆಗೆ ಹೊಣೆಯಾಗಲಾರವು. ಅದಕ್ಕೆ ಕ್ಯಾಲಿಬ್ರೇಶನ್ ಆದ ಇನ್ನೊಂದು ಥರ್ಮೋಕಪಲನ್ನು ಪಕ್ಕದಲ್ಲೇ, ಅಷ್ಟೇ ಆಳಕ್ಕೆ ಇಳಿಸಿ ಫರ್ನೇಸಿನಲ್ಲಿಯೇ ಹೋಲಿಸಬೇಕು. ಬಹುಕಾಲ ಬಳಸಿದ ಥರ್ಮೋಕಪಲನ್ನು ಹೊರತೆಗೆದು ಪ್ರಯೋಗಾಲಯಕ್ಕೆ ಕಳಿಸಿದರೆ, ಬಿಸಿಯಲ್ಲಿ ಬೆಂದು ಗುಣ ಬದಲಾದ ತಂತಿಯ ಭಾಗ ಅಲ್ಲಿನ ಕುಲುಮೆಯಲ್ಲಿ ಬೇರೆಯೇ ತಾಪಮಾನದ ಇಳಿಜಾರಿನಲ್ಲಿ ಕೂರುವುದರಿಂದ, ಅಲ್ಲಿ ಸಿಗುವ ಅಂಕಿ ನಿಮ್ಮ ಫರ್ನೇಸಿಗೆ ಅನ್ವಯಿಸುವುದಿಲ್ಲ.