ಕಾಫಿ ಕಣದಲ್ಲಿ ಕೈ ಎಲ್ಲಿಡಬೇಕು

ಹದಿನಾಲ್ಕು ವರ್ಷಗಳಿಂದ ದಕ್ಷಿಣ ಕೊಡಗಿನಲ್ಲಿ ಕಾಫಿ ಖರೀದಿ ಮಾಡುತ್ತಿದ್ದೇನೆ. ಜನವರಿಯಿಂದ ಮಾರ್ಚ್‌ವರೆಗೆ ಗೋಣಿಕೊಪ್ಪ, ಪೊನ್ನಂಪೇಟೆ, ಸಿದ್ದಾಪುರದ ಸುತ್ತಲಿನ ಕಣಗಳಲ್ಲೇ ನನ್ನ ಹಗಲು ಕಳೆಯುತ್ತದೆ. ಬೆಳೆಗಾರರೊಡನೆ ಮಾತಾಡಬಲ್ಲೆ ಎಂಬ ಜಂಬ ಮೊದಲ ವರ್ಷ ನನಗಿತ್ತು. ಅದನ್ನು ಇಳಿಸಿದವರು ಸಿದ್ದಾಪುರದ ಹತ್ತಿರದ ಒಬ್ಬ ಹಿರಿಯ ಹೆಂಗಸು.

ಅವರ ಕಣದಲ್ಲಿ ರೊಬಸ್ಟಾ ಜಾತಿಯ ಚೆರಿ, ಅಂದರೆ ಸಿಪ್ಪೆಸಹಿತ ಒಣಗಿಸುವ ಕಾಫಿ ಹಣ್ಣು, ಒಣಗಿ ಚೀಲ ಸೇರಿತ್ತು. ಒಂದು ಚೀಲ ಬಿಚ್ಚಿಸಿ ಹಿಡಿ ಕಾಯಿ ತೆಗೆದೆ. ಕಿವಿಯ ಬಳಿ ಕುಲುಕಿ ನೋಡಿದೆ, ಎರಡನ್ನು ಕಚ್ಚಿದೆ, ಉಳಿದದ್ದನ್ನು ನೆಲಕ್ಕೆ ಚೆಲ್ಲಿ ಕೈ ಕೊಡವಿಕೊಂಡೆ. ಲಂಡನ್ನಿನ ರೊಬಸ್ಟಾ ಮಾರುಕಟ್ಟೆ ಆ ತಿಂಗಳುಗಳಲ್ಲಿ ನಮ್ಮ ಮಧ್ಯಾಹ್ನ ಎರಡೂವರೆಗೆ ತೆರೆಯುತ್ತದೆ, ಅಲ್ಲಿನ ದರ ನೋಡಲು ಕಣ್ಣೆಲ್ಲ ಮೊಬೈಲಿನಲ್ಲಿತ್ತು. ಹಾಗೆಯೇ ದರ ಹೇಳಿದೆ. ಅವರು ಬಗ್ಗಿ, ನಾನು ಚೆಲ್ಲಿದ ಕಾಯಿಗಳನ್ನು ಒಂದೊಂದಾಗಿ ಹೆಕ್ಕಿ ಚೀಲಕ್ಕೆ ಹಾಕಿದರು. "ನಿಮಗೆ ಕೊಡುವುದಿಲ್ಲ, ಹೋಗಿ ಬನ್ನಿ" ಎಂದರು. ಅದೇ ವಾರ ಅವರು ನನ್ನ ದರಕ್ಕಿಂತ ಕಡಿಮೆಗೆ ಬೇರೆಯವರಿಗೆ ಮಾರಿದರೆಂದು ಆಮೇಲೆ ತಿಳಿಯಿತು.

ಅಂದಿನಿಂದ ಕೈಯಲ್ಲಿ ಉಳಿದ ಕಾಯಿ ತೆಗೆದ ಚೀಲಕ್ಕೇ ವಾಪಸು ಹೋಗುತ್ತದೆ. ಮೊಬೈಲ್ ಜೀಪಿನಲ್ಲಿ ಉಳಿಯುತ್ತದೆ. ದರ ನೋಡಲೇಬೇಕೆನಿಸಿದರೆ "ಮಾರುಕಟ್ಟೆ ನೋಡಿ ಬರುತ್ತೇನೆ" ಎಂದು ಹೇಳಿಯೇ ಎದ್ದು ಹೋಗುತ್ತೇನೆ.

ಇದಕ್ಕಿಂತ ಮುಖ್ಯವಾದದ್ದು ನಿಲ್ಲುವ ಜಾಗ. ನಮ್ಮ ಲೆಕ್ಕವೆಲ್ಲ ಓ.ಟಿ. ಮೇಲೆ, ಅಂದರೆ ಐವತ್ತು ಕೆಜಿ ಚೆರಿಯಿಂದ ಎಷ್ಟು ಕೆಜಿ ಬೀಜ ಬರುತ್ತದೆ ಎಂಬುದರ ಮೇಲೆ. 27ರ ಬದಲು 26 ಎಂದರೆ ಬೆಳೆಗಾರನಿಗೆ ಚೀಲಕ್ಕೆ ಒಂದು ಕೆಜಿ ಬೀಜದ ಹಣ ಹೋದಂತೆ. ಹೀಗಿರುವಾಗ ಮಾದರಿಯನ್ನು ಸುಲಿದು ತೂಗುವವನು ಬೆನ್ನು ತಿರುಗಿಸಿದರೆ ಅನುಮಾನ ಬಾರದೆ ಇದ್ದೀತೇ? ನಾನು ತಕ್ಕಡಿಯ ಒಂದೇ ಬದಿಯಲ್ಲಿ ಅವರ ಪಕ್ಕಕ್ಕೆ ನಿಲ್ಲುತ್ತೇನೆ. ತೇವಾಂಶ ನೋಡುವ ಯಂತ್ರದ ಮುಖವನ್ನು ಅವರ ಕಡೆಗೆ ತಿರುಗಿಸಿಡುತ್ತೇನೆ. ರೊಬಸ್ಟಾ ಚೆರಿಗೆ ಇರಬೇಕಾದ್ದು ಶೇಕಡಾ 11. 13 ಕಂಡರೆ ಅವರೇ ಓದಿ ಹೇಳಲಿ. ಹಿರಿಯ ಬೆಳೆಗಾರರಲ್ಲಿ ಇದು ಇನ್ನೂ ಮುಖ್ಯ. 1990ರ ದಶಕದ ಮಧ್ಯದವರೆಗೂ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಬೆಳೆ ಸೇರಿಸಿ ಮಂಡಳಿಯೇ ಮಾರುತ್ತಿದ್ದ ಸಂಗ್ರಹಕ್ಕೆ ಕೊಟ್ಟು, ಕಂತುಕಂತಾಗಿ ಬರುವ ಹಣಕ್ಕೆ ಕಾದವರು ಅವರು. ಕಣಕ್ಕೇ ಬಂದು ಚೌಕಾಸಿ ಮಾಡುವ ನಮ್ಮಂಥವರನ್ನು ಈಗಲೂ ಒಂದು ಕಣ್ಣಿಟ್ಟೇ ನೋಡುತ್ತಾರೆ.

ತಲೆಯಾಡಿಸಿ ಕಳೆದುಕೊಂಡದ್ದೂ ಉಂಟು. ಬಾಳೆಲೆ ಕಡೆಯ ಒಬ್ಬರು ತಮಗೆ ಬೇಕಾದ ದರ ಹೇಳುತ್ತಿದ್ದಾಗ ಕೇಳಿಸಿಕೊಳ್ಳುತ್ತಿದ್ದೇನೆ ಎಂಬಂತೆ "ಹೂಂ, ಹೂಂ" ಎಂದು ತಲೆಯಾಡಿಸುತ್ತಿದ್ದೆ. ಮಾತು ಮುಗಿಯುತ್ತಲೇ ಅವರು ಆಳನ್ನು ಕರೆದು ಚೀಲ ಲಾರಿಗೆ ಏರಿಸಲು ಹೇಳಿದರು. ನಲವತ್ತು ಚೀಲ. ಒಪ್ಪಿಲ್ಲ ಎನ್ನಲು ಬಾಯಿ ಬರಲಿಲ್ಲ, ನಷ್ಟ ನುಂಗಿಕೊಂಡೆ. ಈಗ ದರದ ಮಾತು ಬಂದರೆ ತಲೆ ನೆಟ್ಟಗೆ, ಕೈ ಮೊಣಕಾಲಿನ ಮೇಲೆ. ನನ್ನ ದರವನ್ನು ಚೀಟಿಯಲ್ಲಿ ಬರೆದು ಅವರ ಮುಂದಿಟ್ಟು ಸುಮ್ಮನಾಗುತ್ತೇನೆ. ಆ ಮೌನದಲ್ಲಿ ಹಲ್ಲು ಕಿರಿಯದೆ ಕೂರುವುದನ್ನು ಕಲಿಯಲು ನನಗೆ ಮೂರು ಹಂಗಾಮು ಬೇಕಾಯಿತು.

ಮನೆಗೆ ಹೋಗುವಾಗ ಮೊದಲ ಪರೀಕ್ಷೆ ನಾಯಿಗಳದ್ದು. ಕೊಡೆ ಬೀಸಿದರೆ ಕೆಟ್ಟೆವು. ಮನೆಯವರು ಕರೆಯುವವರೆಗೆ ಜೀಪಿನ ಪಕ್ಕ ಅಲುಗದೆ ನಿಲ್ಲಬೇಕು. ಐನ್‌ಮನೆಯಾದರೆ, ಅಂದರೆ ಕೊಡವ ಕುಟುಂಬದ ಮೂಲ ಮನೆಯಾದರೆ, ಚಪ್ಪಲಿ ಕೆಳಗೆ ಬಿಟ್ಟು ಕಯ್ಯಾಲೆ ಎನ್ನುವ ಮುಂಜಗಲಿಗೆ ಹತ್ತಬೇಕು. ಅಲ್ಲಿ ಕಂಬಗಳ ನಡುವಿನ ಐಮರದ ಹಲಗೆ ಎಷ್ಟೇ ಕರೆದರೂ, ಮನೆಯ ಹಿರಿಯರು ಕೂರಿ ಎನ್ನುವವರೆಗೆ ನಾನು ನಿಂತೇ ಇರುತ್ತೇನೆ. ಕೊಟ್ಟ ಕಾಫಿಯನ್ನು ಕುಡಿಯುತ್ತೇನೆ, ದಿನಕ್ಕೆ ಏಳನೆಯದಾದರೂ.

ಒಂದು ಚಟ ಮಾತ್ರ ಹೋಗಿಲ್ಲ. ಮಾರುಕಟ್ಟೆ ಏರುತ್ತಿರುವುದು ನನಗೆ ತಿಳಿದಿದ್ದರೆ ಬಲಗೈ ತಾನಾಗಿ ಕಿವಿಯ ಹಿಂದಕ್ಕೆ ಹೋಗುತ್ತದೆ. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಕಳೆದ ಫೆಬ್ರವರಿಯಲ್ಲಿ ಪೊನ್ನಂಪೇಟೆಯ ಹಳೆಯ ಪರಿಚಯದ ಬೆಳೆಗಾರರೊಬ್ಬರು ನನ್ನ ಚೀಟಿ ಓದಿ, ಮಡಚಿ ವಾಪಸು ಕೊಟ್ಟರು. "ಇವತ್ತು ಕಿವಿ ಮುಟ್ಟಿಕೊಂಡಿರಿ. ಗುರುವಾರ ಬನ್ನಿ, ನೋಡೋಣ."