ಬ್ಯಾಟರಿ ಇಳಿದ ಕಾರನ್ನು ದಬ್ಬಿ ಚಾಲೂ ಮಾಡುವುದು ಹೇಗೆ?

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಬಂದವರು ಸಂಜೆ ಗಾಡಿ ತೆಗೆಯುವ ಹೊತ್ತಿಗೆ ಇದನ್ನು ನೋಡಿಯೇ ಇರುತ್ತೀರಿ. ಲೈಟ್ ಆರಿಸದೆ ಬಿಟ್ಟೋ, ಎಂಜಿನ್ ಬಂದ್ ಮಾಡಿ ಹಾಡು ಹಚ್ಚಿಕೊಂಡು ಕುಳಿತೋ ಬ್ಯಾಟರಿ ಇಳಿದಿರುತ್ತದೆ. ನಾಲ್ಕು ಹುಡುಗರು ಬಂದು ದಬ್ಬುತ್ತಾರೆ. ಕಾರು ಹತ್ತು ಹೆಜ್ಜೆ ಹೋಗುವುದರೊಳಗೆ ಚಾಲಕ ಕ್ಲಚ್ ಬಿಡುತ್ತಾನೆ. ಗಾಡಿ ಗಕ್ಕನೆ ನಿಲ್ಲುತ್ತದೆ, ದಬ್ಬುವವರ ಎದೆ ಡಿಕ್ಕಿಗೆ ಬಡಿಯುತ್ತದೆ. ಎರಡು ಸಲ ಹೀಗಾದರೆ ಮೂರನೇ ಸಲ ಯಾರೂ ಕೈಹಚ್ಚುವುದಿಲ್ಲ.

ಮೊದಲು ದೋಷ ಬ್ಯಾಟರಿಯದೇ ಎಂದು ಖಾತ್ರಿ ಮಾಡಿಕೊಳ್ಳಿ. ಕೀಲಿ ತಿರುಗಿಸಿದಾಗ ಟಿಕ್ ಟಿಕ್ ಸದ್ದು ಬಂದು ಮೀಟರಿನ ದೀಪ ಮಂಕಾದರೆ ಬ್ಯಾಟರಿ ಇಳಿದಿದೆ. ದೀಪವೇ ಇಲ್ಲದಿದ್ದರೆ ಬಾನೆಟ್ ಎತ್ತಿ ಬ್ಯಾಟರಿಗೆ ತಂತಿ ಸೇರುವ ಟರ್ಮಿನಲ್ ನೋಡಿ. ಬಿಳಿಯದೋ ಹಸಿರೋ ಪುಡಿ ಕಟ್ಟಿದ್ದರೆ ಬಿಸಿನೀರು ಹಾಕಿ ತೊಳೆದು, ಒರೆಸಿ, ಹತ್ತರ ಸ್ಪ್ಯಾನರ್‌ನಿಂದ ಬಿಗಿ ಮಾಡಿ. ಎಷ್ಟೋ ಸಲ ಅಷ್ಟಕ್ಕೇ ಸೆಲ್ಫ್ ತಗೊಳ್ಳುತ್ತದೆ. ಆಮೇಲೂ ದೀಪ ಹತ್ತದಿದ್ದರೆ ದಬ್ಬಿ ಪ್ರಯೋಜನವಿಲ್ಲ. ಈಗಿನ ಗಾಡಿಗಳಲ್ಲಿ ಇಂಧನದ ಪಂಪ್, ಇಂಜೆಕ್ಟರ್, ಕಂಪ್ಯೂಟರ್ ಎಲ್ಲಕ್ಕೂ ಸ್ವಲ್ಪವಾದರೂ ಕರೆಂಟು ಬೇಕು.

ಕ್ಲಚ್ ಪೆಡಲ್ಲೇ ಇಲ್ಲದ ಆಟೊಮ್ಯಾಟಿಕ್ ಮತ್ತು ಎಎಂಟಿ ಗಾಡಿಗಳನ್ನು ದಬ್ಬಲೇಬೇಡಿ. ಅವಕ್ಕೆ ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟು ತರುವ ಜಂಪರ್ ಕೇಬಲ್ಲೇ ಗತಿ. ರಸ್ತೆ ಬದಿ ಅಗ್ಗಕ್ಕೆ ಸಿಗುವ ಸಣ್ಣ ತಂತಿಯ ಕೇಬಲ್ ಕೊಳ್ಳಬೇಡಿ. ಅದು ಕಾಯುತ್ತದೆಯೇ ಹೊರತು ಸೆಲ್ಫ್ ತಿರುಗಿಸುವಷ್ಟು ಕರೆಂಟು ಹರಿಸುವುದಿಲ್ಲ.

ದಬ್ಬಲು ಸಮತಟ್ಟಾದ, ಖಾಲಿ ಜಾಗ ಬೇಕು. ಸಂಡೂರು ಕಡೆಯ ಅದಿರು ಲಾರಿಗಳ ರಸ್ತೆಯಲ್ಲಿ ಕೆಟ್ಟು ನಿಂತರೆ ಗಾಡಿಯನ್ನು ಬದಿಗೆ ಸರಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಅಲ್ಲಿ ಈ ಸಾಹಸ ಬೇಡ. ದಬ್ಬುವವರು ಹಿಂದೆಯೇ ಇರಲಿ, ಡಿಕ್ಕಿಯ ಎರಡು ಮೂಲೆಗೆ ಕೈ ಕೊಡಲಿ. ಗಾಜಿಗೆ, ಸ್ಪಾಯ್ಲರ್‌ಗೆ ಬೇಡ. ರಾಯಚೂರಿನ ಮಧ್ಯಾಹ್ನದ ಬಿಸಿಲಿಗೆ ತಗಡು ಅಂಗೈ ಸುಡುತ್ತದೆ, ಕೈಗೊಂದು ಟವೆಲ್ ಕೊಡಿ. ಮುಂದಿನ ಗಾಡಿಗೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಹತ್ತಿದ ಕ್ಷಣ ನಿಮ್ಮ ಕಾರು ಮುನ್ನುಗ್ಗಿ ಅದಕ್ಕೇ ಗುದ್ದುತ್ತದೆ.

ಇನ್ನು ಎಲ್ಲರೂ ಕೆಡಿಸುವ ಹಂತ. ಎಸಿ, ಲೈಟ್, ಹಾಡು ಎಲ್ಲ ಬಂದ್ ಮಾಡಿ. ಕೀಲಿ ಆನ್‌ನಲ್ಲಿರಲಿ; ತೆಗೆದರೆ ಸ್ಟೇರಿಂಗ್ ಲಾಕ್ ಆಗಿ ಅನಾಹುತವಾದೀತು. ಬಟನ್ ಗಾಡಿಯಾದರೆ ಕ್ಲಚ್ ತುಳಿಯದೆ ಬಟನ್ ಎರಡು ಸಲ ಒತ್ತಿದರೆ ಸಾಮಾನ್ಯವಾಗಿ ಆನ್ ಆಗುತ್ತದೆ. ಕ್ಲಚ್ ಪೂರ್ತಿ ತುಳಿದು ಎರಡನೇ ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಇಳಿಸಿ. ಮೊದಲನೇ ಗೇರ್ ಹಾಕುವವರ ಮಾತು ಕೇಳಬೇಡಿ: ಅದರಲ್ಲಿ ಎಂಜಿನ್ ಚಕ್ರಗಳನ್ನು ಬಿಗಿಹಿಡಿದು ಗಾಡಿಯನ್ನು ನಿಲ್ಲಿಸುತ್ತದೆ.

ಈಗ ಕಾಲು ಅವಸರ ಮಾಡಬಾರದು. ಗಂಟೆಗೆ 8ರಿಂದ 10 ಕಿ.ಮೀ. ವೇಗ ಬೇಕು. ಮೀಟರ್ ನೋಡುತ್ತ ಕೂರಬೇಡಿ, ಕನ್ನಡಿಯಲ್ಲಿ ದಬ್ಬುವವರನ್ನು ನೋಡಿ. ಅವರು ನಡೆಯುತ್ತಿದ್ದರೆ ಕ್ಲಚ್ ಬಿಡಬೇಡಿ, ಓಡತೊಡಗಿದ ಮೇಲೆ ಬಿಡಿ. “ಬಿಡ್ಲೇನಣ್ಣಾ?” ಎಂದು ಕೂಗಿ ಕೇಳಿ. “ತಡಿಯಪ್ಪಾ, ಇನ್ನಷ್ಟು ಓಡ್ಲಿ” ಎಂದರೆ ತಡೆಯಿರಿ. ಬಿಡುವಾಗ ಮಾತ್ರ ಒಂದೇ ಸಲಕ್ಕೆ ಬಿಡಬೇಕು. ಸಿಗ್ನಲ್‌ನಲ್ಲಿ ಗಾಡಿ ತೆಗೆಯುವಂತೆ ಮೆಲ್ಲಗೆ ಬಿಟ್ಟರೆ ಹುಡುಗರು ಬೆವರು ಸುರಿಸಿ ಗಳಿಸಿದ ವೇಗವೆಲ್ಲ ಕ್ಲಚ್ ಉಜ್ಜಿಕೊಂಡೇ ಮುಗಿಯುತ್ತದೆ. ಗಾಡಿ ಒಮ್ಮೆ ಜಗ್ಗುತ್ತದೆ, ಎಂಜಿನ್ ಗುರ್ ಎನ್ನುತ್ತದೆ. ಆ ಸದ್ದು ಕೇಳಿದ ಕೂಡಲೇ ಕ್ಲಚ್ ಮತ್ತೆ ಪೂರ್ತಿ ತುಳಿದು ಎಕ್ಸಿಲೇಟರ್ ಸ್ವಲ್ಪ ಒತ್ತಿ. ಈ ಎರಡನೇ ತುಳಿತ ಮರೆತು ಹತ್ತಿದ ಎಂಜಿನ್ನನ್ನು ಅಲ್ಲೇ ಆರಿಸಿಕೊಳ್ಳುವವರು ಬಹಳ. ಎಂಜಿನ್ ಹತ್ತುವವರೆಗೆ ಬ್ರೇಕ್ ಗಟ್ಟಿ, ಸ್ಟೇರಿಂಗ್ ಭಾರ. ಬ್ರೇಕ್ ಹಾಕಬೇಕಾದರೆ ಜೋರಾಗಿ ತುಳಿಯಿರಿ.

ಮೂರು ಸಲಕ್ಕೂ ಹತ್ತದಿದ್ದರೆ ಬಿಟ್ಟುಬಿಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಹುದು, ಅದು ಬ್ಯಾಟರಿಗಿಂತ ದುಬಾರಿ.

ಹತ್ತಿದ ಮೇಲೆ ಬಂದ್ ಮಾಡದೆ, ಎಸಿ ಹಾಕದೆ ಅರ್ಧ ಗಂಟೆಯಾದರೂ ಓಡಿಸಿ. ನಿಂತಲ್ಲೇ ಚಾಲೂ ಇಟ್ಟರೆ ಸಾಕಷ್ಟು ಚಾರ್ಜ್ ಆಗುವುದಿಲ್ಲ. ಮರುದಿನ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನ ವೋಲ್ಟೇಜ್ ಅಳೆಸಿ. 12.6 ಇದ್ದರೆ ಬ್ಯಾಟರಿ ತುಂಬಿದೆ, 12ಕ್ಕಿಂತ ಕೆಳಗಿದ್ದರೆ ಮತ್ತೆ ಇಳಿದಿದೆ. ಎಂಜಿನ್ ಓಡುವಾಗ 14ರ ಆಸುಪಾಸು ಬರಬೇಕು, ಬಾರದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಿಸಿ. ಬ್ಯಾಟರಿ ಚಳಿಗೆ ಹಾಳಾಗುತ್ತದೆ ಎನ್ನುವವರಿದ್ದಾರೆ, ಆದರೆ ಅದರ ಆಯುಷ್ಯ ತಿನ್ನುವುದು 40 ಡಿಗ್ರಿ ದಾಟುವ ನಮ್ಮ ಬೇಸಿಗೆ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಏಪ್ರಿಲ್‌ನಲ್ಲಿ ನೀರಿನ ಮಟ್ಟ ನೋಡಿ, ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರು ಖಂಡಿತ ಬೇಡ, ಅದರ ಉಪ್ಪಿನಂಶ ಪ್ಲೇಟುಗಳನ್ನು ಕೆಡಿಸುತ್ತದೆ.